ಬಿಟ್ಟುಕೊಡದ ಚಾನೆಲ್

ಬೆರಳು ಚುಚ್ಚಿ, ಹನಿ ರಕ್ತ ತೆಗೆದು ಸಕ್ಕರೆ ನೋಡಿಕೊಳ್ಳುತ್ತಿದ್ದ ಕಾಲ ಮುಗಿದು ಒಂದು ತಲೆಮಾರೇ ಕಳೆದಿತ್ತು. ಈಗ ಸಕ್ಕರೆ ಕಾಯಿಲೆಯವರ ತೋಳಿನಲ್ಲಿ, ಚರ್ಮದ ಅಡಿ, ಅವರೆಕಾಳಿನಷ್ಟು ದೊಡ್ಡದೊಂದು ಸಾಧನ ಇರುತ್ತಿತ್ತು. ಜನ ಅದನ್ನು ಕಾಳು ಎಂದೇ ಕರೆಯುತ್ತಿದ್ದರು. ಅದರೊಳಗೆ ಇನ್ಸುಲಿನ್ ಒಸರುವ ಜೀವಕೋಶಗಳನ್ನು ಸಾಕಿ ಇಟ್ಟಿರುತ್ತಿದ್ದರು. ಕಾಳು ರಕ್ತದ ಸಕ್ಕರೆ ಅಳೆದು ಹುಬ್ಬಳ್ಳಿಯ ಕಾವಲು ಕೇಂದ್ರಕ್ಕೆ ತಿಳಿಸುತ್ತಿತ್ತು. ಕೇಂದ್ರ ಲೆಕ್ಕ ಹಾಕಿ, ಊಟಕ್ಕೆ ಮೊದಲು ಜೀವಕೋಶಗಳನ್ನು ಎಬ್ಬಿಸುತ್ತಿತ್ತು, ಸಾಕಾದಾಗ ಮಲಗಿಸುತ್ತಿತ್ತು. ಏಳು ಜಿಲ್ಲೆಗಳ ರೋಗಿಗಳು ತಮ್ಮ ಕಾಯಿಲೆಯನ್ನು ಮರೆತು ಉಂಡುಟ್ಟು ಓಡಾಡಿಕೊಂಡಿದ್ದರು.

ಆ ಕೇಂದ್ರದ ಹಗಲು ಪಾಳಿಯ ಮುಖ್ಯಸ್ಥೆ ಮಂದಾಕಿನಿ ಅಂಗಡಿ. ಗೋಡೆಯ ತುಂಬ ಹರಡಿದ್ದ ಪರದೆಯ ಮೇಲೆ ಸಾವಿರಾರು ಗೆರೆಗಳು ಏರುತ್ತ ಇಳಿಯುತ್ತ ಸಾಗುತ್ತಿದ್ದವು. ಅವಳು ಮಾತ್ರ ತನ್ನ ಮೇಜಿನ ಪುಟ್ಟ ಪರದೆಯ ಮೂಲೆಯಲ್ಲಿ ಒಂದೇ ಒಂದು ಗೆರೆಯನ್ನು ಸದಾ ತೆರೆದಿಟ್ಟುಕೊಂಡಿರುತ್ತಿದ್ದಳು. ಅದು ಅವಳ ಮಗಳು ದಾನೇಶ್ವರಿಯದು.

ದಾನಿಗೆ ಹತ್ತು ವರ್ಷ. ಏಳು ತಿಂಗಳಿಗೇ ಹುಟ್ಟಿದ ಕೂಸು. ಬದುಕಿತು, ಕಣ್ಣು ಉಳಿಯಲಿಲ್ಲ. ಐದನೇ ವರ್ಷಕ್ಕೆ ಸಕ್ಕರೆ ಕಾಯಿಲೆಯೂ ಬಂದಾಗ ಮಂದಾಕಿನಿ ಆಸ್ಪತ್ರೆಯ ಪಡಸಾಲೆಯಲ್ಲೇ ಒಂದು ತೀರ್ಮಾನ ಮಾಡಿಬಿಟ್ಟಿದ್ದಳು: ಈ ಎರಡನೆಯದು ಮಗಳಿಗೆ ಗೊತ್ತೇ ಆಗಬಾರದು. ತೋಳಿನ ಕಾಳು ತ್ರಾಣಕ್ಕೆ ಹಾಕಿದ್ದು ಎಂದು ಹೇಳಿದಳು. ಗಂಡ ಶಿವಯೋಗಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವನಿಗೆ ಇದು ಸರಿಕಾಣಲಿಲ್ಲ. "ಎಷ್ಟ ದಿನ ಮುಚ್ಚಿಡ್ತಿ?" ಎಂದು ಒಂದೆರಡು ಸಲ ಕೇಳಿದ, ಆಮೇಲೆ ಸುಮ್ಮನಾದ. ದಾನಿಯ ಗೆರೆ ಸ್ವಲ್ಪ ಬಾಗಿದರೂ ಮಂದಾಕಿನಿ ಶಾಲೆಗೆ ಫೋನ್ ಮಾಡುತ್ತಿದ್ದಳು: "ದಾನಿಗೆ ಎರಡು ಬಿಸ್ಕೀಟು ಕೊಡ್ರಿ." ಅವ್ವನಿಗೆ ತನ್ನ ಹಸಿವು ದೂರದಿಂದಲೇ ತಿಳಿಯುತ್ತದೆ ಎಂದು ದಾನಿ ಗೆಳತಿಯರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಕೇಂದ್ರದ ನಿಯಮವೊಂದಿತ್ತು. ಸೂರ್ಯನಲ್ಲಿ ಬಿರುಗಾಳಿ ಎದ್ದಾಗ ಉಪಗ್ರಹಗಳು ಮಂಕಾಗಿ, ಕಾಳುಗಳಿಗೆ ಆಜ್ಞೆ ಕಳಿಸುವ ಚಾನೆಲ್‌ಗಳು ಬೆರಳೆಣಿಕೆಗೆ ಇಳಿಯುತ್ತಿದ್ದವು. ಆಗ ಸ್ವಾವಲಂಬಿಗಳನ್ನು, ಎಂದರೆ ತರಬೇತಿ ಪಡೆದು ತಮ್ಮನ್ನು ತಾವು ನೋಡಿಕೊಳ್ಳಬಲ್ಲವರನ್ನು, ಕೈಬಿಡಲಾಗುತ್ತಿತ್ತು. ಅವರ ಮುಂಗೈಯಲ್ಲಿ, ಕಾಳಿನಿಂದಲೇ ನೇರವಾಗಿ ಅಳತೆ ಪಡೆಯುವ ಒಂದು ಪಟ್ಟಿ ಇರುತ್ತಿತ್ತು. ಅದರ ಒಳಮೈಯಲ್ಲಿ ಒಂದು ಮಣಿ ಸರಿದಾಡುತ್ತಿತ್ತು. ಮಣಿ ಮಣಿಕಟ್ಟಿನ ಕಡೆಗೆ ಇಳಿದರೆ ಸಕ್ಕರೆ ಇಳಿಯುತ್ತಿದೆ, ಏನಾದರೂ ಸಿಹಿ ತಿನ್ನಬೇಕು. ಮೊಣಕೈ ಕಡೆಗೆ ಏರಿದರೆ ಸಕ್ಕರೆ ಏರುತ್ತಿದೆ, ಪೆನ್ನಿನಂಥ ಸೂಜಿಯಿಂದ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಕೂಸುಗಳು, ನೆನಪು ಹೋದ ಮುದುಕರು, ಕಣ್ಣಿಲ್ಲದವರು ಅವಲಂಬಿಗಳು. ಇದ್ದಬದ್ದ ಚಾನೆಲ್‌ಗಳು ಅವರಿಗೆ.

ದಾನಿಯ ಶಾಲೆಯ ತಾರಾಬಾಯಿ ಟೀಚರ್ ಹುಟ್ಟಾ ಕುರುಡಿ. ಸಕ್ಕರೆ ಕಾಯಿಲೆಯವರೂ ಹೌದು. ಹಟ ಹಿಡಿದು ಸ್ವಾವಲಂಬಿಯಾದವರು. ಅವರು ಒಂದು ಸಂಜೆ ಮಂದಾಕಿನಿಯನ್ನು ಶಾಲೆಯ ಗೇಟಿನಲ್ಲೇ ನಿಲ್ಲಿಸಿಕೊಂಡು ಹೇಳಿದ್ದರು: "ನಿಮ್ಮ ಹುಡುಗಿ ತಯಾರಾಗ್ಯಾಳ್ರಿ. ನಾ ಕಲಿಸ್ತೀನಿ. ನೀವು ಒಂದು ಮಾತು ಹೂಂ ಅನ್ರಿ."

"ಆಕಿ ಇನ್ನೂ ಸಣ್ಣಾಕಿ ಟೀಚರ್."

"ಆಕಿ ಸಣ್ಣಾಕಿ ಅಲ್ಲ. ನಿಮಗ ಹೆದರಿಕಿ."

ಮಂದಾಕಿನಿ ನಕ್ಕು ಮಾತು ಮರೆಸಿದ್ದಳು. ಮಗಳು ಸ್ವಾವಲಂಬಿಯಾದರೆ ಬಿರುಗಾಳಿಯ ಹೊತ್ತಿನಲ್ಲಿ ಆ ಗೆರೆ ಪರದೆಯಿಂದ ಮಾಯವಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಬಿರುಗಾಳಿ ಬಂದದ್ದು ಫೆಬ್ರುವರಿಯ ಒಂದು ನಡುಮಧ್ಯಾಹ್ನ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಗೋಡೆಯ ಮೇಲಿನ ಗೆರೆಗಳು ಗುಂಪುಗುಂಪಾಗಿ ಆರಿಹೋದವು. ಫೋನುಗಳು ಸತ್ತವು. ಕೇಂದ್ರದಲ್ಲಿ ಯಾರೂ ಗಾಬರಿಯಾಗಲಿಲ್ಲ. ಇದಕ್ಕಾಗಿಯೇ ತಯಾರಾದವರು ಅವರು. ಅವಲಂಬಿಗಳ ಗೆರೆಗಳು ಉಳಿದವು. ಸ್ವಾವಲಂಬಿಗಳ ಕಾಳುಗಳಿಂದ ಆಗೊಮ್ಮೆ ಈಗೊಮ್ಮೆ ಒಂದೊಂದು ಅಂಕಿ ಮಾತ್ರ ತೂರಿಬರುತ್ತಿತ್ತು.

ಇಮ್ತಿಯಾಜ್ ಮುಲ್ಲಾ ಪಕ್ಕದ ಮೇಜಿನವನು, ಮಂದಾಕಿನಿಯ ಜೊತೆಗೇ ಕೆಲಸಕ್ಕೆ ಸೇರಿದವನು. ಅವನು ಒಂದು ಅಂಕಿಯ ಮೇಲೆ ಕಣ್ಣು ನೆಟ್ಟು ಕೂತಿದ್ದ. ಅದು ಹಳೇ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವ ರೇಣವ್ವ ಎಂಬ ಸ್ವಾವಲಂಬಿಯದು. ಬಿರುಗಾಳಿಗೆ ತುಸು ಮೊದಲು ಕೇಂದ್ರ ಆಕೆಯ ಮಧ್ಯಾಹ್ನದ ಊಟಕ್ಕೆಂದು ಜೀವಕೋಶಗಳನ್ನು ಎಬ್ಬಿಸಿತ್ತು. ಗಿರಾಕಿಗಳ ಗದ್ದಲದಲ್ಲಿ ಆಕೆ ಉಂಡಂತಿರಲಿಲ್ಲ. ಎದ್ದ ಜೀವಕೋಶಗಳನ್ನು ಮಲಗಿಸಲು ಈಗ ಚಾನೆಲ್ ಇಲ್ಲ.

"ಮೇಡಂ, ಈಕಿದು ಭಾಳ ಇಳ್ಯಾಕತ್ತೈತ್ರಿ. ಒಂದ ಚಾನೆಲ್ ಸಿಕ್ರ ಸಾಕು. ಮಲಗಿಸಿ ವಾಪಸ್ ಕೊಟ್ಟಬಿಡ್ತೀನಿ."

"ಕೈಪಟ್ಟಿ ಇರ್ತೈತಲ್ಲ. ತಿಂತಾಳ."

"ರೊಟ್ಟಿ ಬಡಿಯೂ ಕೈ ಅದು. ಮಣಿ ಗೊತ್ತಾಗ್ತೈತೋ ಇಲ್ಲೋ."

ಪಾಳಿಯ ಮುಖ್ಯಸ್ಥರಿಗೆ ಒಂದು ಅಧಿಕಾರವಿತ್ತು. ಸ್ಥಿರವಾಗಿರುವ ಅವಲಂಬಿಯ ಬಳಿ ತರಬೇತಿ ಪಡೆದವರು ಯಾರಾದರೂ ಇದ್ದರೆ, ಅವರ ಚಾನೆಲನ್ನು ಸ್ವಲ್ಪ ಹೊತ್ತು ಬೇರೆಯವರಿಗೆ ಎರವಲು ಕೊಡಬಹುದು. ಅಂಥ ಚಾನೆಲ್‌ಗಳನ್ನೆಲ್ಲ ಇಮ್ತಿಯಾಜ್ ಆಗಲೇ ಒಬ್ಬರಾದ ಮೇಲೆ ಒಬ್ಬರಿಗೆ ತಿರುಗಿಸುತ್ತಿದ್ದ. ಒಂದನ್ನು ಮಾತ್ರ ಮುಟ್ಟಿರಲಿಲ್ಲ. ಅವನು ಮಂದಾಕಿನಿಯ ಮೇಜಿನ ಪುಟ್ಟ ಪರದೆಯನ್ನು ನೋಡಿದ, ನೋಟ ತೆಗೆದ, ಮತ್ತೆ ನೋಡಿದ.

"ದಾನೀದು ಸಪಾಟ ಐತ್ರಿ," ಎಂದ ಮೆಲ್ಲಗೆ. "ಬಾಜೂಕ ತಾರಾಬಾಯಿ ಟೀಚರ್ ಇರ್ತಾರು."

ಮಂದಾಕಿನಿ ಪುಟ್ಟ ಪರದೆ ನೋಡಿದಳು. ಗೆರೆ ನಿಜಕ್ಕೂ ನೇರವಾಗಿತ್ತು. ಮಗಳು ಬಹುಶಃ ಬ್ರೈಲ್ ಓದುತ್ತ ಕೂತಿರಬೇಕು. ಆದರೆ ಈ ಗೆರೆ ಒಮ್ಮೆ ಆರಿದ ಮೇಲೆ ಮತ್ತೆ ಹೊತ್ತಿಕೊಳ್ಳದಿದ್ದರೆ?

"ಕಣ್ಣಿಲ್ಲದ ಹುಡುಗಿ ಅದು ಇಮ್ತಿಯಾಜ್," ಎಂದಳು. "ನಿಯಮ ಅಂದ್ರ ನಿಯಮ."

ಅವನು ಮತ್ತೆ ಕೇಳಲಿಲ್ಲ. ಅಷ್ಟು ಹೊತ್ತಿಗೆ ರೇಣವ್ವನ ಅಂಕಿ ಬರುವುದೂ ನಿಂತಿತ್ತು.

ಬಿರುಗಾಳಿ ಸಂಜೆಯ ಹೊತ್ತಿಗೆ ತಣ್ಣಗಾಯಿತು. ಸುದ್ದಿ ಬಂದದ್ದು ಮರುದಿನ. ರೇಣವ್ವ ಒಲೆಯ ಮುಂದೆ ಕೂತಲ್ಲೇ ಪ್ರಜ್ಞೆ ತಪ್ಪಿ ಮುಂದಕ್ಕೆ ಬಾಗಿದ್ದಳು. ಬಲಗೈ ಕಾದ ಹಂಚಿನ ಮೇಲೆ ಬಿದ್ದಿತ್ತು. ಗಿರಾಕಿಯೊಬ್ಬ ಓಡಿಬಂದು ಎಳೆಯುವಷ್ಟರಲ್ಲಿ ಅಂಗೈ ಪೂರ್ತಿ ಬೆಂದಿತ್ತು. ಬಾಯಿಗೆ ಸಕ್ಕರೆ ಸವರಿ ಜೀವ ಉಳಿಸಿದ್ದರು.

ವಿಚಾರಣೆ ನಡೆಯಿತು. ದೊಡ್ಡ ಅಧಿಕಾರಿಗಳು ಬಂದು ದಾಖಲೆ ನೋಡಿದರು. ಕೇಂದ್ರ ನಿಯಮದಂತೆ ನಡೆದುಕೊಂಡಿದೆ, ಎರವಲು ಕೊಡುವುದು ಬಿಡುವುದು ಮುಖ್ಯಸ್ಥೆಯ ವಿವೇಚನೆ ಎಂದರು. ಇಮ್ತಿಯಾಜ್ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ. ಹೊರಗೆ ಬಂದ ಮೇಲೆ ಮಂದಾಕಿನಿಗೆ ಚಹಾ ತಂದುಕೊಟ್ಟು ತನ್ನ ಮೇಜಿಗೆ ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ. ಯಾರೂ ತಪ್ಪು ಎನ್ನದ ತಪ್ಪನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಅವಳು ಅದನ್ನು ಹೊತ್ತುಕೊಂಡೇ ತಿರುಗಿದಳು. ಮನೆಯಲ್ಲಿ ಮಗಳ ತಲೆ ಬಾಚುವಾಗ ಕೈ ನಿಂತುಬಿಡುತ್ತಿತ್ತು. ಕಣ್ಣಿಲ್ಲದ ಹುಡುಗಿ ಅದು. ಆ ಮಾತು ತನ್ನ ಬಾಯಿಂದಲೇ ಬಂತಲ್ಲ. ಯಾರಾದರೂ ದಾನಿಯನ್ನು ಹಾಗೆಂದಿದ್ದರೆ ಅವರ ಮೇಲೆ ಹರಿಹಾಯುತ್ತಿದ್ದವಳು, ತನಗೆ ಬೇಕಾದಾಗ ಮಗಳ ಕುರುಡನ್ನು ಅಡ್ಡ ಹಿಡಿದಿದ್ದಳು.

ಎರಡು ವಾರ ತಡೆದು, ಆಮೇಲೆ ತಡೆಯಲಾಗದೆ ಖಾನಾವಳಿಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಒಲೆ ಹಚ್ಚಿರಲಿಲ್ಲ. ರೇಣವ್ವ ಐವತ್ತು ದಾಟಿದ ಗಟ್ಟಿಮುಟ್ಟು ಹೆಂಗಸು. ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಕೇಂದ್ರದವಳು ಎಂದ ಕೂಡಲೇ, "ಬರ್ರಿ, ಕುಂದರ್ರಿ. ಚಾ ಮಾಡಾಕ ಆಗೂದಿಲ್ಲ, ತಪ್ಪ ತಿಳಕೋಬ್ಯಾಡ್ರಿ," ಎಂದಳು.

ಮಂದಾಕಿನಿ ನಿಂತೇ ಎಲ್ಲವನ್ನೂ ಹೇಳಿದಳು. ಚಾನೆಲ್ ಇತ್ತು ಎಂದಳು. ಅದು ತನ್ನ ಮಗಳದು ಎಂದಳು. ಮಗಳಿಗೆ ಏನೂ ಆಗುತ್ತಿರಲಿಲ್ಲ ಎಂಬುದನ್ನೂ ಬಿಡಲಿಲ್ಲ. ರೇಣವ್ವ ಅವಳ ಮುಖವನ್ನೇ ನೋಡುತ್ತ ಕೇಳಿದಳು.

"ನನಗೂ ಮಕ್ಕಳದಾವ," ಎಂದಳು ಕೊನೆಗೆ. "ನಾ ನಿಮ್ಮ ಜಾಗಾದಾಗ ಇದ್ರ ಬ್ಯಾರೆ ಮಾಡ್ತಿದ್ದೆ ಅಂತ ಸುಳ್ಳ ಹೇಳಂಗಿಲ್ಲ. ಆದ್ರ ನನ್ನ ಕೈ ನನಗ ಬೇಕಿತ್ತವಾ."

"ನಾ ಏನ್ ಮಾಡ್ಲಿ ಹೇಳ್ರಿ."

"ನನಗೇನೂ ಮಾಡಬ್ಯಾಡ್ರಿ. ನಿಮ್ಮ ಮಗಳಿಗೆ ಗೊತ್ತೈತೇನು ಇದು?"

"ಇಲ್ಲ. ಆಕಿಗೆ ಕಾಯಿಲೆ ಇರೋದ ಗೊತ್ತಿಲ್ಲ."

ರೇಣವ್ವ ಮುಖ ಆ ಕಡೆ ತಿರುಗಿಸಿದಳು. "ಹೋಗ್ರಿ ಹಂಗಾದ್ರ," ಎಂದಳು. ಸಿಟ್ಟಿನ ದನಿ ಅಲ್ಲ ಅದು, ಸಾಕಾದ ದನಿ.

ಆ ಭಾನುವಾರ ಬೆಳಿಗ್ಗೆ ಮಂದಾಕಿನಿ ಮಗಳನ್ನು ಎದುರಿಗೆ ಕೂಡಿಸಿಕೊಂಡಳು. ಶಿವಯೋಗಿ ಪೇಪರ್ ಮಡಚಿಟ್ಟು ಹತ್ತಿರ ಬಂದು ಕೂತ. ಅವಳು ಕಾಯಿಲೆಯ ಹೆಸರು ಹೇಳಿದಳು, ಕಾಳು ಏನು ಮಾಡುತ್ತದೆ ಹೇಳಿದಳು, ಪರದೆಯ ಮೇಲಿನ ಗೆರೆಯ ವಿಷಯ ಹೇಳಿದಳು.

ದಾನಿ ತೋಳಿನ ಉಬ್ಬನ್ನು ಬೆರಳಿನಿಂದ ಒತ್ತಿ ನೋಡಿಕೊಂಡಳು. "ಅಂದ್ರ ನನ್ನ ಹಸಿವು ನಿನಗ ಗೊತ್ತಾಗ್ತಿರಲಿಲ್ಲ. ಮಷೀನಿಗೆ ಗೊತ್ತಾಗ್ತಿತ್ತು."

"ಹೌದವಾ."

"ಅಪ್ಪಗ ಗೊತ್ತಿತ್ತೇನು?"

"ಗೊತ್ತಿತ್ತವಾ," ಎಂದ ಶಿವಯೋಗಿ.

"ಟೀಚರಿಗೆ?"

"ಹೂಂ."

"ಎಲ್ಲಾರಿಗೂ ಗೊತ್ತಿತ್ತು. ನನ್ನ ಮೈಯಾಗಿಂದು ನನಗೊಬ್ಬಾಕಿಗೆ ಗೊತ್ತಿರಲಿಲ್ಲ." ದಾನಿ ಅಳಲಿಲ್ಲ. ತುಟಿ ಬಿಗಿಹಿಡಿದು ಕೂತಳು. ಆಮೇಲೆ, ತನ್ನಷ್ಟಕ್ಕೇ ಎಂಬಂತೆ ಹೇಳಿದಳು: "ಅದಕ್ಕ ತುಟಿ ಜುಮುಜುಮು ಅಂತಿದ್ವು."

"ಏನಂದಿ?"

"ಮದಲ ತುಟಿ ಜುಮುಜುಮು ಅಂತಾವು. ಆಮ್ಯಾಲೆ ಟೀಚರ್ ದನಿ ದೂರ ಹೋದಂಗ ಆಗ್ತೈತಿ, ಬಾವ್ಯಾಗಿಂದ ಮಾತಾಡಿದಂಗ. ಆಮ್ಯಾಲೆ ನಿನ್ನ ಫೋನ್ ಬರ್ತಿತ್ತು, ಬಿಸ್ಕೀಟ್ ಕೊಡ್ರಿ ಅಂತ. ಯಾವಾಗ್ಲೂ ಹಂಗ."

ಮಂದಾಕಿನಿ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ತಾನು ಐದು ವರ್ಷ ಪರದೆಯ ಮುಂದೆ ಕೂತು ಕಾದದ್ದನ್ನು ಮಗಳು ಗೆರೆ ಬಾಗುವುದಕ್ಕೂ ಮೊದಲೇ ತುಟಿಯಲ್ಲಿ ಅರಿಯುತ್ತಿದ್ದಳು. ಅದಕ್ಕೊಂದು ಹೆಸರು ಕೊಡುವವರು ಇರಲಿಲ್ಲ ಅಷ್ಟೇ. ಮಂದಾಕಿನಿ ಖಾನಾವಳಿಯ ಕಥೆಯನ್ನೂ ಹೇಳಿದಳು.

ದಾನಿ ಎದ್ದು ಒಳಗೆ ಹೋದಳು. ಆ ದಿನ ಅವ್ವನ ಜೊತೆ ಮಾತಾಡಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಶಾಲೆಗೆ ಹೊರಟು ನಿಂತು, "ಟೀಚರಿಗೆ ಹೂಂ ಅಂತ ಹೇಳು," ಎಂದಳು.

ಕಲಿಕೆ ಅಡುಗೆಮನೆಯಿಂದ ಶುರುವಾಯಿತು. ತಾರಾಬಾಯಿ ಟೀಚರ್ ಮನೆಗೇ ಬಂದು ಚಾಪೆಯ ಮೇಲೆ ಕೂತರು. ಅನ್ನವನ್ನು ಬಟ್ಟಲಲ್ಲಿ ತುಂಬಿ ಬೆರಳಿನಿಂದ ಮಟ್ಟ ನೋಡುವುದು. ರೊಟ್ಟಿಯ ದಪ್ಪವನ್ನು ಅಂಚು ಹಿಡಿದು ಅಂದಾಜು ಮಾಡುವುದು. ಬಾಳೆಹಣ್ಣು ಅಂಗೈಗಿಂತ ಉದ್ದವಿದ್ದರೆ ಅರ್ಧ ಮುರಿಯುವುದು. ಇನ್ಸುಲಿನ್ ಪೆನ್ನಿನ ತಿರುಗಣೆ ಒಂದೊಂದು ಯೂನಿಟ್ಟಿಗೂ ಟಿಕ್ ಎನ್ನುತ್ತಿತ್ತು. ದಾನಿ ಅದನ್ನು ಕಿವಿಯ ಹತ್ತಿರ ಹಿಡಿದು ಎಣಿಸುತ್ತಿದ್ದಳು. ತಪ್ಪಿದರೆ ಸೊನ್ನೆಗೆ ತಂದು ಮತ್ತೆ ಎಣಿಸುತ್ತಿದ್ದಳು. ಒಮ್ಮೆ ಮಂದಾಕಿನಿ, "ನಾಕಾತು, ಇನ್ನೊಂದು," ಎಂದುಬಿಟ್ಟಳು.

"ಅವರನ್ನ ಹೊರಗ ಕಳಸ್ರಿ ಟೀಚರ್," ಎಂದಳು ದಾನಿ.

ಟೀಚರ್ ನಕ್ಕರು. ಮಂದಾಕಿನಿ ನಗಲಿಲ್ಲ. ಎದ್ದು ಹಿತ್ತಲಿಗೆ ಹೋಗಿ, ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆಯುತ್ತ ನಿಂತಳು.

ಕೊನೆಯ ಪರೀಕ್ಷೆ ಆಸ್ಪತ್ರೆಯಲ್ಲಿ. ವೈದ್ಯರ ಎದುರಿಗೇ, ಬೇಕೆಂದೇ ಸಕ್ಕರೆಯನ್ನು ಇಳಿಯಲು ಬಿಡುತ್ತಾರೆ. ಮಗು ತಾನಾಗಿ ಗುರುತಿಸಿ, ತಾನಾಗಿ ಸರಿಮಾಡಿಕೊಳ್ಳಬೇಕು. ಪಾಲಕರು ಕೋಣೆಯಲ್ಲಿರಬಹುದು, ಮಾತಾಡುವಂತಿಲ್ಲ. ಮಂದಾಕಿನಿಯ ಕೈಗೆ ಅಂಕಿ ತೋರಿಸುವ ಪುಟ್ಟ ಫಲಕ ಕೊಟ್ಟಿದ್ದರು. ದಾನಿ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಕೈಪಟ್ಟಿಯ ಮೇಲೆ ಇನ್ನೊಂದು ಕೈ ಇಟ್ಟುಕೊಂಡು, ನರ್ಸಿನ ಜೊತೆ ಹರಟುತ್ತಿದ್ದಳು. ಅಂಕಿ ತೊಂಬತ್ತರಿಂದ ಎಂಬತ್ತಕ್ಕೆ ಬಂತು. ಎಪ್ಪತ್ತೈದಕ್ಕೆ ಬಂತು. ದಾನಿ ಇನ್ನೂ ಗೆಳತಿಯ ಬೆಕ್ಕಿನ ಕಥೆ ಹೇಳುತ್ತಿದ್ದಳು. ಎಪ್ಪತ್ತು. ಮಂದಾಕಿನಿ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಳು. ಅರವತ್ತೆಂಟು.

ಕಥೆ ನಡುವೆಯೇ ನಿಂತಿತು. ದಾನಿ ತುಟಿಯ ಮೇಲೆ ನಾಲಿಗೆ ಆಡಿಸಿದಳು. ಮಣಿಯನ್ನು ಮುಟ್ಟಿ ನೋಡಿದಳು. ಗಡಿಬಿಡಿ ಮಾಡದೆ ಜೇಬಿನಿಂದ ಗ್ಲೂಕೋಸ್ ಪುಡಿಯ ಪೊಟ್ಟಣ ತೆಗೆದು, ಹಲ್ಲಿನಿಂದ ಹರಿದು, ಬಾಯಿಗೆ ಸುರಿದುಕೊಂಡಳು. ಕೈ ನಡುಗಿ ಸ್ವಲ್ಪ ಚೆಲ್ಲಿತು. ಮಡಿಲಲ್ಲಿ ತಡವರಿಸಿ ಅದನ್ನೂ ಬೆರಳಿಗೆ ಒತ್ತಿ ನೆಕ್ಕಿದಳು. ಆಮೇಲೆ ಮಣಿ ಹಿಂದಕ್ಕೆ ಸರಿಯುವವರೆಗೆ ಸುಮ್ಮನೆ ಕೂತಳು.

"ಹೂಂ," ಎಂದಳು ನರ್ಸಿನ ಕಡೆ ತಿರುಗಿ. "ಆ ಬೆಕ್ಕು ಏನ್ ಮಾಡ್ತು ಗೊತ್ತೇನ್ರಿ?"

ವೈದ್ಯರು ಮಂದಾಕಿನಿಗೆ ಕೈ ಮುಗಿದು ಅಭಿನಂದಿಸಿದರು. ಅವಳಿಗೆ ಅದನ್ನು ಸ್ವೀಕರಿಸಲು ಮುಖವಿರಲಿಲ್ಲ. ಇಷ್ಟೇ ಇತ್ತಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅಂದು ಶಾಲೆಯ ಗೇಟಿನ ಹತ್ತಿರ ಹೂಂ ಎಂದಿದ್ದರೆ ಸಾಕಿತ್ತು.

ಮುಂದಿನ ಬಿರುಗಾಳಿ ಬರಲು ಮಳೆಗಾಲ ಕಳೆಯಬೇಕಾಯಿತು. ಈ ಸಲ ದಾನಿಯ ಗೆರೆ ಉಳಿದ ಸ್ವಾವಲಂಬಿಗಳ ಗೆರೆಗಳ ಜೊತೆ ಒಂದೇ ಏಟಿಗೆ ಆರಿತು. ಪುಟ್ಟ ಪರದೆಯ ಮೂಲೆ ಕಪ್ಪಾಯಿತು. ದಾನಿ ಬಿಟ್ಟುಕೊಟ್ಟ ಚಾನೆಲ್ ಗದಗದ ಒಬ್ಬ ಮುದುಕನಿಗೆ ಹೋಯಿತು. ಮಗನ ಹೆಸರೂ ನೆನಪಿಲ್ಲದ, ಉಂಡದ್ದನ್ನು ಮರೆತು ಮತ್ತೆ ಉಣ್ಣುವ ಮುದುಕ. ಅವನ ಗೆರೆ ಹಾವಿನಂತೆ ಹೊರಳುತ್ತಿತ್ತು. ಇಮ್ತಿಯಾಜ್ ಅವನ ಜೀವಕೋಶಗಳನ್ನು ಎಬ್ಬಿಸುತ್ತ ಮಲಗಿಸುತ್ತ ಬೆವತಿದ್ದ.

ಆಗ ಕತ್ತಲಿಂದ ಒಂದು ಅಂಕಿ ತೂರಿಬಂತು. ದಾನೇಶ್ವರಿ ಅಂಗಡಿ, ಎಪ್ಪತ್ತೆರಡು. ಪಕ್ಕದಲ್ಲಿ ಕೆಳಮುಖದ ಬಾಣ. ಆಮೇಲೆ ಏನೂ ಇಲ್ಲ.

ಇಮ್ತಿಯಾಜ್ ಅದನ್ನು ನೋಡಿದ. "ಮೇಡಂ, ಅಜ್ಜನ ಚಾನೆಲ್ ಸ್ವಲ್ಪ ಹೊತ್ತು ಈ ಕಡೆ ತಗೊಳ್ಲೇನ್ರಿ? ಅಷ್ಟರಾಗ ಏನಾಗಂಗಿಲ್ಲ."

ಏನಾಗಂಗಿಲ್ಲ ಎಂಬುದು ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಮಂದಾಕಿನಿಯ ಬೆರಳು ಗುಂಡಿಯ ಹತ್ತಿರ ಹೋಯಿತು. ಶಾಲೆಯಲ್ಲಿ ಈಗ ಆಟದ ಪಿರಿಯಡ್ಡು. ಓಡಿದ್ದಾಳೆ, ಅದಕ್ಕೇ ಇಳಿದಿದೆ. ಜೇಬಿನಲ್ಲಿ ಪೊಟ್ಟಣ ಇದೆಯೋ ಇಲ್ಲವೋ. ಬೆಳಿಗ್ಗೆ ತಾನು ನೋಡಲಿಲ್ಲ. ನೋಡಬೇಡ ಎಂದು ಮಗಳೇ ತಾಕೀತು ಮಾಡಿದ್ದಳು.

"ಬ್ಯಾಡ," ಎಂದಳು. "ಅಜ್ಜಗ ಇರಲಿ."

ಮತ್ತೆ ಅಂಕಿ ಬರಲಿಲ್ಲ. ಮಂದಾಕಿನಿ ಕಪ್ಪು ಮೂಲೆಯ ಮುಂದೆ ಕೂತಳು. ಒಬ್ಬ ತಾಯಿ ಹೀಗೆ ಕೂತಿರಬಹುದೇ ಎಂದು ಒಂದು ಮನಸ್ಸು, ಅಂದು ಹೀಗೆ ಕೂರಲಿಲ್ಲವಲ್ಲ ಎಂದು ಇನ್ನೊಂದು. ಎರಡೂ ಅವಳನ್ನು ಬಿಡಲಿಲ್ಲ.

ಸಂಜೆ ಓಡುತ್ತಲೇ ಮನೆ ಸೇರಿದಳು. ದಾನಿ ಪಡಸಾಲೆಯಲ್ಲಿ ಅಪ್ಪನ ಜೊತೆ ಕೂತು ಮಂಡಕ್ಕಿಯ ಗಿರ್ಮಿಟ್ ತಿನ್ನುತ್ತಿದ್ದಳು. ಬಾಯಿ ತುಂಬ ಇತ್ತು. ಅವ್ವನ ಉಸಿರು ಕೇಳಿ ತಲೆ ಎತ್ತಿದಳು.

"ಇವತ್ತ ಎಷ್ಟಕ್ಕ ಇಳೀತು?" ಮಂದಾಕಿನಿ ಬಾಗಿಲಲ್ಲೇ ನಿಂತು ಕೇಳಿದಳು.

"ಅದು ನಂದು," ಎಂದಳು ದಾನಿ. ಒರಟಾಗಿಯೇನೂ ಅಲ್ಲ. ಮಂಡಕ್ಕಿ ಅಗಿದು ನುಂಗಿ ಕೇಳಿದಳು: "ನನ್ನ ಚಾನೆಲ್ ಯಾರಿಗೆ ಕೊಟ್ರಿ?"

"ಗದಗಿನ ಒಬ್ಬ ಅಜ್ಜಗ."

"ಹೆಂಗದಾರ ಅವರು?"

"ಆರಾಮದಾರ."

"ಹೌದಾ," ಎಂದು ದಾನಿ ತಟ್ಟೆಯ ತಳದಲ್ಲಿ ಉಳಿದ ಶೇಂಗಾ ಕಾಳುಗಳನ್ನು ಬೆರಳಿನಿಂದ ಹುಡುಕತೊಡಗಿದಳು. ಶಿವಯೋಗಿ ಹೆಂಡತಿಗೂ ಒಂದು ತಟ್ಟೆ ಹಾಕಿಕೊಟ್ಟ. ಮಂದಾಕಿನಿ ಅದನ್ನು ಕೈಯಲ್ಲಿ ಹಿಡಿದು ಕೂತಳು. ಎಷ್ಟು ಸುಲಭವಾಗಿ ಕೇಳಿದಳು ಹುಡುಗಿ, ಅಂದು ರೇಣವ್ವನಿಗೆ ಕೊಡುವುದೂ ಎಷ್ಟು ಸುಲಭವಾಗಿತ್ತು. ಅವಳಿಗೆ ತುತ್ತು ಎತ್ತಲಾಗಲಿಲ್ಲ.